‘ಶಕ್ತಿ ಇರುವ’ ಹಳೇ ನಾಣ್ಯ: ಇಸವಿ ಓದುವುದು, ತೂಕ ಹಾಕುವುದು, ಚಮತ್ಕಾರ ಬಿಡಿಸುವುದು

ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ, ಒಂದು ಬದಿಯಲ್ಲಿ ಗುಡ್ಡ ಹೊತ್ತ ಹನುಮಂತ. ಜತೆಗೊಂದು ವಿಡಿಯೊ. ನಾಣ್ಯದ ಪಕ್ಕ ಇಟ್ಟ ಅಕ್ಕಿಕಾಳು ತಾನಾಗಿ ಜಾರಿ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಮನೆಯಲ್ಲಿಟ್ಟರೆ ಸಾಲ ತೀರುತ್ತದಂತೆ, ವಿದೇಶದವರು ಕೋಟಿ ಕೊಟ್ಟು ಒಯ್ಯುತ್ತಾರಂತೆ. ಬೆಲೆ ಮಾತ್ರ ಕೇಳಿದವನ ಮುಖ ನೋಡಿ ನಿಗದಿ. ಕಾರವಾರ, ಕುಮಟಾ, ಶಿರಸಿ, ಸಿದ್ದಾಪುರದ ಫೋನುಗಳಿಗೂ ಇಂಥ ಜಾಹೀರಾತು ಬರುತ್ತಲೇ ಇರುತ್ತದೆ. ಅಡಿಕೆ ದುಡ್ಡು ಕೈಸೇರುವ ಹೊತ್ತಿಗೆ ಬಂದರಂತೂ ಕೇಳುವುದೇ ಬೇಡ.

ಮಾರುವವನು ಎರಡು ಮಾತು ಹೇಳುತ್ತಾನೆ: ನಾಣ್ಯ ಹಳೆಯದು, ನಾಣ್ಯದಲ್ಲಿ ಶಕ್ತಿ ಇದೆ. ಶಕ್ತಿಯ ಮೇಲೆ ವಾದಕ್ಕೆ ಇಳಿಯಬೇಡಿ. ಆ ವಾದ ಅವನ ನಿತ್ಯದ ಉದ್ಯೋಗ, ನೀವು ಸೋಲುತ್ತೀರಿ. ‘ಹಳೆಯದು’ ಎಂಬ ಮಾತನ್ನು ಮಾತ್ರ ಹಿಡಿಯಿರಿ, ಅದನ್ನು ಅಳೆಯಬಹುದು. 1818ರ ನಾಣ್ಯವೇ ಅಲ್ಲ ಎಂದಾದ ಮೇಲೆ 1818ರಿಂದ ಬಂದ ಶಕ್ತಿಯ ಕತೆಗೆ ನಿಲ್ಲಲು ನೆಲವಿಲ್ಲ.

ಮೊದಲು ಫೋಟೊ ನೋಡಿ: ಇಸವಿ, ಬೆಲೆ, ಹೆಸರು

ನೂರಕ್ಕೆ ಇಷ್ಟು ಎಂದು ಲೆಕ್ಕ ಕೊಡಲಾಗದು. ಆದರೆ ದೇವರ ಚಿತ್ರದ ‘ಕಂಪನಿ ನಾಣ್ಯ’ಗಳ ಪೈಕಿ ಬಹುಪಾಲನ್ನು ಹಣ ಕೊಡುವ ಮೊದಲೇ, ಫೋಟೊದಲ್ಲೇ ತಳ್ಳಿಹಾಕಬಹುದು.

ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ಬಗೆಯ ನಾಣ್ಯ ಬಂದದ್ದು 1835ರಲ್ಲಿ. ಅದಕ್ಕೂ ಮೊದಲು ಬಂಗಾಳ, ಮದರಾಸು, ಮುಂಬಯಿ ಪ್ರಾಂತಗಳು ತಮ್ಮ ತಮ್ಮ ನಾಣ್ಯ ಹೊರಡಿಸುತ್ತಿದ್ದವು. ಇದನ್ನು ಇಟ್ಟುಕೊಂಡು ಹೀಗೆ ಸೋಸಿ:

- ‘ಒಂದು ಆಣೆ’ ಎಂದು ಬರೆದ ಕಂಪನಿಯ ದಪ್ಪ ತಾಮ್ರದ ನಾಣ್ಯ ನಕಲಿ. 1835ರ ಪದ್ಧತಿಯಲ್ಲಿ ಒಂದಾಣೆ ನಾಣ್ಯವೇ ಇರಲಿಲ್ಲ. ಅಂಚು ಅಲೆಅಲೆಯಾಗಿರುವ ನಿಕ್ಕಲ್ ಮಿಶ್ರಿತ ಒಂದಾಣೆ ಬಂದದ್ದು ಏಳನೇ ಎಡ್ವರ್ಡ್ ದೊರೆಯ ಕಾಲದಲ್ಲಿ, ಕಂಪನಿ ಹೋಗಿ ಹತ್ತಿರ ಹತ್ತಿರ ಐವತ್ತು ವರ್ಷಕ್ಕೆ.
- ‘ಎರಡು ಆಣೆ’ ಕಂಪನಿ ಹೆಸರಿನಲ್ಲಿ ಇದೆ. ಆದರೆ ಅದು 1841ರ ಇಸವಿಯ ಪುಟ್ಟ ಬೆಳ್ಳಿ ನಾಣ್ಯ, ರಾಣಿ ವಿಕ್ಟೋರಿಯಾಳ ಮುಖದ್ದು. ತಾಮ್ರದ್ದಲ್ಲ, ದೇವರದ್ದೂ ಅಲ್ಲ.
- ದೊರೆಯ ಮುಖವಿರುವ ಕಂಪನಿಯ ಬೆಳ್ಳಿ ರೂಪಾಯಿಯಲ್ಲಿ ಇಸವಿ ಎರಡೇ: 1835 (ನಾಲ್ಕನೇ ವಿಲಿಯಂ) ಮತ್ತು 1840 (ವಿಕ್ಟೋರಿಯಾ). ಬೇರೆ ಇಸವಿ ಕಂಡರೆ ಮುಂದೆ ಓದುವ ಕೆಲಸವಿಲ್ಲ.
- ಕಂಪನಿಯ ಆಡಳಿತ 1858ಕ್ಕೆ ಮುಗಿಯಿತು. 1862ರ ರೂಪಾಯಿಯಲ್ಲಿ ‘ಇಂಡಿಯಾ’ ಎಂದಿದೆ, ಕಂಪನಿಯ ಹೆಸರಿಲ್ಲ.
- ‘ಯುಕೆಎಲ್’ ಎಂಬ ಮೂರಕ್ಷರ ಇದ್ದರೆ ಅಲ್ಲಿಗೇ ಮುಗಿಸಿ. ಕಂಪನಿಯ ಯಾವ ಅಸಲಿ ನಾಣ್ಯದಲ್ಲೂ ಅದಿಲ್ಲ.
- 1616, 1717, 1818 ಎಂದು ಬಾಯಿಗೆ ಸಲೀಸಾಗಿ ಬರುವ ಇಸವಿಗಳ ಬಗ್ಗೆ ಹೆಚ್ಚು ಎಚ್ಚರ ಇರಲಿ. ಟಂಕಸಾಲೆ ಪ್ರಾಸ ನೋಡಿ ಇಸವಿ ಹಾಕುವುದಿಲ್ಲ.

ಇಲ್ಲಿ ಮಾರುವವನ ಹತ್ತಿರ ಒಂದು ಅರ್ಧಸತ್ಯ ಇರುತ್ತದೆ. ‘ಕಂಪನಿಯವರು ದೇವರ ನಾಣ್ಯ ಹೊಡೆಸಿಯೇ ಇಲ್ಲ’ ಎಂದು ನೀವು ಹೇಳಿದರೆ ಸಿಕ್ಕಿಬೀಳುತ್ತೀರಿ. ಮದರಾಸಿನಲ್ಲಿ ಹೊಡೆಸಿದ ‘ಮೂರು ಸ್ವಾಮಿ ಪಗೋಡ’ ಎಂಬ ಚಿನ್ನದ ನಾಣ್ಯದಲ್ಲಿ ಇಬ್ಬರು ದೇವಿಯರ ನಡುವೆ ವೆಂಕಟೇಶ್ವರ ಇದ್ದಾನೆ. ಮದರಾಸಿನದೇ ಬೆಳ್ಳಿಯ ಅರ್ಧ ಪಗೋಡದಲ್ಲಿ ಒಂದು ಕಡೆ ಗೋಪುರ, ಇನ್ನೊಂದು ಕಡೆ ವಿಷ್ಣು. ಹನುಮಂತನೂ ನಾಣ್ಯಕ್ಕೆ ಹೊಸಬನಲ್ಲ, ವಿಜಯನಗರದ ಮೊದಲ ಅರಸರ ನಾಣ್ಯಗಳಲ್ಲಿ ಹನುಮ, ಗರುಡ ಇಬ್ಬರೂ ಬರುತ್ತಾರೆ. ಆದರೆ ಚಿನ್ನದ ಪಗೋಡ, ವರಾಹಗಳು ಕಿರುಬೆರಳ ಉಗುರಿನಷ್ಟು ಅಗಲದ, ಸುಮಾರು 3.4 ಗ್ರಾಂ ತೂಕದ ಬಿಲ್ಲೆಗಳು, ಅರ್ಧ ಪಗೋಡವೋ ಬೆಳ್ಳಿಯದು, ತಾಮ್ರದ್ದಲ್ಲ. ಅಂಗೈ ತುಂಬುವ ತಾಮ್ರದ ಮೇಲೆ ರಾಮನ ಪಟ್ಟಾಭಿಷೇಕ, ಅದರ ಹಿಂದೆ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು, ಇದು ಯಾವ ಟಂಕಸಾಲೆಯದೂ ಅಲ್ಲ. ಪೂಜೆಗೆ ಇಡುವ ರಾಮಟಂಕೆಗಳ ಚಿತ್ರವನ್ನು ಎತ್ತಿ ಕಂಪನಿಯ ಹೆಸರಿಗೆ ಜೋಡಿಸಿದ್ದು. ರಾಮಟಂಕೆಯನ್ನು ರಾಮಟಂಕೆಯೆಂದೇ ಕೊಂಡು ದೇವರ ಪೀಠದಲ್ಲಿಟ್ಟರೆ ಅದರಲ್ಲಿ ತಕರಾರಿಲ್ಲ. ಅದು ಚಲಾವಣೆಯ ನಾಣ್ಯ ಅಲ್ಲ, ಅಷ್ಟೇ.

ನಮ್ಮ ಕಡೆಯ ಹಳೇ ಮನೆಯಲ್ಲಿ ಏನು ಸಿಗಬೇಕು?

‘ಶಿರಸಿ ಕಡೆಯ ಹಳೇ ಮನೆ ಬಿಚ್ಚುವಾಗ ಅಟ್ಟದಲ್ಲಿ ಸಿಕ್ಕಿತು’ ಎಂಬ ಕತೆಯನ್ನೂ ತೂಗಿ ನೋಡಬಹುದು. ಈ ಸೀಮೆ 1799ರವರೆಗೆ ಹೈದರ್, ಟಿಪ್ಪು ಕೈಯಲ್ಲಿತ್ತು. ಆಮೇಲೆ ಕಂಪನಿಯ ಮದರಾಸು ಪ್ರಾಂತಕ್ಕೆ ಹೋಯಿತು. ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ. ಹಾಗಾಗಿ ನಿಜವಾದ ಹಳೇ ಡಬ್ಬಿಯಲ್ಲಿ ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜರ ಕಾಲದ ಕನ್ನಡ ಅಕ್ಷರದ ಮೈಸೂರು ಕಾಸು, ಮದರಾಸಿನ 1803 ಮತ್ತು 1808ರ ಹತ್ತು ಕಾಸು, ಇಪ್ಪತ್ತು ಕಾಸು ಬರಬೇಕು. ಕಾರವಾರ, ಸದಾಶಿವಗಡದ ಕಡೆ ಗೋವೆಯ ಪೋರ್ಚುಗೀಸ್ ನಾಣ್ಯಗಳೂ ಸಹಜ. 1881, 1882ರ ಗೋವೆಯ ‘ರುಪಿಯಾ’ವನ್ನು ಹೊಡೆದದ್ದು ಕಲ್ಕತ್ತೆಯ ಟಂಕಸಾಲೆಯಲ್ಲಿ, ತೂಕವೂ ಬ್ರಿಟಿಷ್ ರೂಪಾಯಿಯದೇ.

1808ರ ಕಾಸಿನ ಕತೆ ಗೊತ್ತಿದ್ದರೆ ಒಳ್ಳೆಯದು. ಅವನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆಯಲ್ಲಿ ಯಂತ್ರದಿಂದ ಹೊಡೆದು ಹಡಗಿನಲ್ಲಿ ಕಳಿಸುತ್ತಿದ್ದರು. ಹಾಗೆ ಬರುತ್ತಿದ್ದ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದಲ್ಲೇ ಮುಳುಗಿತು. ಅದರೊಳಗಿನ ರಾಶಿ ರಾಶಿ ಕಾಸುಗಳನ್ನು ಇಪ್ಪತ್ತನೇ ಶತಮಾನದಲ್ಲಿ ಮೇಲೆತ್ತಿದರು. ಆದ್ದರಿಂದ ಅಸಲಿ 1808ರ ಕಾಸು ಇಂದಿಗೂ ಧಾರಾಳ, ಅಗ್ಗ. ‘1808, ಜಗತ್ತಿನಲ್ಲಿ ಮೂರೇ ಉಳಿದಿವೆ’ ಎನ್ನುವವನಿಗೆ ಇದು ಗೊತ್ತಿರುವುದಿಲ್ಲ, ಅಥವಾ ನಿಮಗೆ ಗೊತ್ತಿಲ್ಲ ಎಂದುಕೊಂಡಿರುತ್ತಾನೆ.

‘ಬನವಾಸಿಯಲ್ಲಿ, ಸೋಂದಾದಲ್ಲಿ ನೆಲ ಅಗೆದಾಗ ಸಿಕ್ಕಿದ್ದು’ ಎಂದರೆ ಇನ್ನೂ ಸುಲಭ. ಸುಳ್ಳಾದರೆ ಮೋಸ. ನಿಜವಾದರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕಾದದ್ದು, ಗುಟ್ಟಾಗಿ ಮಾರುವಂತಿಲ್ಲ. ಎರಡರಲ್ಲೂ ನಿಮಗೆ ಕೆಲಸವಿಲ್ಲ.

ಮಾರುವವನಿಂದ ಏನು ಕೇಳಬೇಕು

ಐದು ಫೋಟೊ ಕೇಳಿ: ಎರಡೂ ಮುಖ, ಅಂಚು, ತೂಕದ ಯಂತ್ರದ ಮೇಲೆ ಅಂಕಿ ಕಾಣುವ ಹಾಗೆ ನಾಣ್ಯ, ಮತ್ತು ಅಂದಿನ ತಾರೀಕು ಕೈಯಲ್ಲಿ ಬರೆದ ಚೀಟಿಯ ಪಕ್ಕದಲ್ಲಿ ನಾಣ್ಯ. ಬಂದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಗೀರು, ಅದೇ ಬೆರಳು, ಅದೇ ಹಾಸುಬಟ್ಟೆ ಬೇರೆ ಬೇರೆ ಊರಿನ ಜಾಹೀರಾತಿನಲ್ಲಿ ಕಂಡರೆ ಅವನ ಹತ್ತಿರ ನಾಣ್ಯವೇ ಇಲ್ಲ, ಚಿತ್ರ ಮಾತ್ರ ಇದೆ. ತೂಕ ಕೇಳಿದಾಗ ‘ಯಂತ್ರದ ಮೇಲಿಟ್ಟರೆ ಶಕ್ತಿ ಕುಂದುತ್ತದೆ ಸರ್’ ಎಂಬ ಉತ್ತರ ಬರುವುದುಂಟು. ಅದೂ ಒಂದು ಉತ್ತರವೇ.

ಕೈಗೆ ಬಂದ ಮೇಲೆ: ಸಾಮಾನು

0.01 ಗ್ರಾಂ ತೋರಿಸುವ ಚಿಕ್ಕ ತೂಕದ ಯಂತ್ರ, ಮಿಲಿಮೀಟರಿನ ಡಿಜಿಟಲ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ನಿಯೋಡಿಮಿಯಂ ಕಾಂತ, ಹೊಲಿಗೆ ದಾರ, ಒಂದು ಗಾಜಿನ ಲೋಟ. ಅಂಗಡಿಯ ದಿನಸಿ ತಕ್ಕಡಿ ಇದಕ್ಕೆ ಬಾರದು. ಹೊಸ ಯಂತ್ರ ಸರಿ ಇದೆಯೇ ಎಂದು ನೋಡಲು ಸವೆಯದ ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯ ಇಡಿ, 7.71 ಗ್ರಾಂ ಆಸುಪಾಸು ಬರಬೇಕು. ಫ್ಯಾನ್ ಆರಿಸಿ ತೂಗಿ. ಗಾಳಿಗೂ ಅಂಕಿ ಹಾರುತ್ತದೆ.

ತೂಕ ಮತ್ತು ಅಗಲ

ಟಂಕಸಾಲೆಯ ಲೆಕ್ಕ ಕಟ್ಟುನಿಟ್ಟು. ಆಗಾಗ ಎದುರಾಗುವ ನಾಣ್ಯಗಳ ತೂಕ ಹೀಗಿದೆ:

- ಬೆಳ್ಳಿ ಒಂದು ರೂಪಾಯಿ, 1835 ಮತ್ತು 1840: 11.66 ಗ್ರಾಂ, ಅಗಲ ಸುಮಾರು 30.5 ಮಿ.ಮೀ., ಶೇ. 91.7 ಬೆಳ್ಳಿ
- ತಾಮ್ರದ ಅರ್ಧ ಆಣೆ, 1835 ಮತ್ತು 1845: 12.95 ಗ್ರಾಂ
- ತಾಮ್ರದ ಕಾಲಾಣೆ, 1835, 1857, 1858: 6.48 ಗ್ರಾಂ
- ಆಣೆಯ ಹನ್ನೆರಡನೇ ಒಂದು ಭಾಗ, 1835 ಮತ್ತು 1848: 2.16 ಗ್ರಾಂ
- ಮದರಾಸಿನ ಇಪ್ಪತ್ತು ಕಾಸು, 1808: ಸುಮಾರು 9.3 ಗ್ರಾಂ

ಸವೆದ ನಾಣ್ಯ ಹಗುರವಾಗುತ್ತದೆ. ಅದು ಸಹಜ. ಚಲಾವಣೆಯಲ್ಲಿ ನಾಣ್ಯ ಭಾರವಾಗುವುದಿಲ್ಲ. ರೂಪಾಯಿ 11.4 ಬಂದರೆ ಮುಖದ ಸವೆತ ಅದಕ್ಕೆ ತಕ್ಕ ಹಾಗಿದೆಯೇ ನೋಡಿ, 12ರ ಮೇಲೆ ಬಂದರೆ ಅನುಮಾನ ಗಟ್ಟಿ. ಸರಕ್ಕೆ ಪೋಣಿಸಿದ್ದ ನಾಣ್ಯ ಮಾತ್ರ ಇದಕ್ಕೆ ಹೊರತು. ಕೊಂಡಿ ಬೆಸೆದ ಜಾಗದ ಬೆಸುಗೆಯಿಂದ ಸ್ವಲ್ಪ ತೂಕ ಕೂಡಿರಬಹುದು, ಅಂಚಿನಲ್ಲಿ ಅದರ ಗುರುತೂ ಕಾಣುತ್ತದೆ. ‘1818ರ ಹನುಮಾನ್ ಅರ್ಧ ಆಣೆ’ 25, 30 ಗ್ರಾಂ ತೂಗಿತೆಂದರೆ ಅದರಲ್ಲಿ ಎರಡು ಅರ್ಧಾಣೆಯ ತಾಮ್ರ ಇದೆ ಎಂದಾಯಿತು. ಲೋಹಕ್ಕೆ ದುಡ್ಡು ಕೊಡುತ್ತಿದ್ದ ಕಾಲದಲ್ಲಿ ಅಂಥ ಧಾರಾಳ ಯಾವ ಕಂಪನಿಯೂ ತೋರಿಸಿಲ್ಲ.

ನೀರಿನ ಪರೀಕ್ಷೆ

ತೂಕವನ್ನು ಸರಿಹೊಂದಿಸಿದ ನಕಲಿಯೂ ಇಲ್ಲಿ ಸಿಕ್ಕಿಬೀಳುತ್ತದೆ, ಹಾಗಾಗಿ ಇದಕ್ಕೆ ಹತ್ತು ನಿಮಿಷ ಕೊಡಿ.

ನಾಣ್ಯವನ್ನು ಒಣಗಿಸಿ ತೂಗಿ ಅಂಕಿ ಬರೆದುಕೊಳ್ಳಿ. ಲೋಟದಲ್ಲಿ ಮುಕ್ಕಾಲು ನೀರು ತುಂಬಿ ಯಂತ್ರದ ಮೇಲಿಟ್ಟು ಸೊನ್ನೆ ಮಾಡಿ. ಲೋಟ, ನೀರು ಸೇರಿ ಯಂತ್ರದ ಮಿತಿ ದಾಟಬಾರದು. 200 ಗ್ರಾಂ ಮಿತಿಯ ಯಂತ್ರವಾದರೆ ತೆಳು ಪ್ಲಾಸ್ಟಿಕ್ ಲೋಟವೇ ವಾಸಿ. ನಾಣ್ಯಕ್ಕೆ ದಾರ ಸುತ್ತಿ ಪೂರ್ತಿ ಮುಳುಗುವ ಹಾಗೆ ಇಳಿಬಿಡಿ, ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಈಗ ಯಂತ್ರ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಬಂದದ್ದು ಸಾಂದ್ರತೆ.

11.66 ಗ್ರಾಂ ರೂಪಾಯಿ ನೀರಿನಲ್ಲಿ 1.13 ತೋರಿಸಿದರೆ ಸಾಂದ್ರತೆ 10.3. ಶೇ. 91.7ರ ಬೆಳ್ಳಿಗೆ ಇದೇ ಸರಿ. ಅದೇ ತೂಕದ ನಾಣ್ಯ 1.65 ತೋರಿಸಿದರೆ 7.1, ಅಂದರೆ ಸತುವಿನ ಮಿಶ್ರಲೋಹಕ್ಕೆ ಬೆಳ್ಳಿಬಣ್ಣ ಬಳಿದದ್ದು. ತಾಮ್ರಕ್ಕೆ 8.9, ಹಿತ್ತಾಳೆಗೆ 8.4ರಿಂದ 8.5, ಕಬ್ಬಿಣಕ್ಕೆ 7.9, ಸೀಸಕ್ಕೆ 11.3.

ತಪ್ಪುವುದು ಎಲ್ಲಿ? ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಸಾಂದ್ರತೆ ಕಡಿಮೆ ಬರುತ್ತದೆ. ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ದಾರವನ್ನು ಮೆಲ್ಲಗೆ ಕುಲುಕಿ. ನಾಣ್ಯ ತಳ ಮುಟ್ಟಿದರೆ ಅಂಕಿ ಒಮ್ಮೆಲೇ ನೆಗೆಯುತ್ತದೆ. ಎರಡು ಗ್ರಾಮಿನ ಪುಟ್ಟ ನಾಣ್ಯಗಳಿಗೆ ಈ ಪರೀಕ್ಷೆ ನಂಬಲು ಬಾರದು, ಕೊನೆಯ ಅಂಕಿಯ ಸಣ್ಣ ತಪ್ಪೇ ಉತ್ತರವನ್ನು ಬದಲಿಸುತ್ತದೆ. ಮೂರು ಸಲ ಮಾಡಿ ನಡುವಿನ ಉತ್ತರ ಹಿಡಿಯಿರಿ.

‘ಕಾಪರ್ ಇರಿಡಿಯಂ’, ಅಂದರೆ ತಾಮ್ರಕ್ಕೆ ಇರಿಡಿಯಂ ಎಂಬ ವಿರಳ ಲೋಹ ಬೆರೆತದ್ದು, ಎಂದು ಮಾರಿದ್ದಕ್ಕೂ ಇದೇ ಪರೀಕ್ಷೆ. ಇರಿಡಿಯಂ ಸಾಂದ್ರತೆ 22.5ರ ಮೇಲೆ, ಚಿನ್ನಕ್ಕಿಂತ ಭಾರ. ನಿಮ್ಮ ನಾಣ್ಯ 8.9 ತೋರಿಸಿದರೆ ಅದರಲ್ಲಿರುವುದು ತಾಮ್ರ, ಹೇಳಿಕೊಳ್ಳುವಷ್ಟು ಇರಿಡಿಯಂ ಇಲ್ಲ. ಅಸಲಿಗೆ ಆ ಲೋಹವನ್ನು ಕಂಡುಹಿಡಿದದ್ದೇ 1803ರಲ್ಲಿ, ಕರಗಲು 2400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. 1616ರ, 1717ರ ನಾಣ್ಯಕ್ಕೆ ಅದನ್ನು ಬೆರೆಸಿದವರು ಯಾರು? ಸಿಡಿಲು ಬಡಿದು ತಾಮ್ರ ಇರಿಡಿಯಂ ಆಯಿತು ಎಂಬುದು ಇದರ ಇನ್ನೊಂದು ರೂಪ. ಸಿಡಿಲು ತಾಮ್ರವನ್ನು ಕರಗಿಸೀತು, ಬೇರೆ ಮೂಲವಸ್ತು ಮಾಡಲಾರದು.

ಅಂಚು, ಮೇಲ್ಮೈ, ಕಿಲುಬು

ಅಸಲಿ ನಾಣ್ಯವನ್ನು ಅಚ್ಚಿನಿಂದ ಒತ್ತಿ ಹೊಡೆದಿರುತ್ತಾರೆ, ಅಗ್ಗದ ನಕಲಿಯನ್ನು ಎರಕ ಹೊಯ್ದಿರುತ್ತಾರೆ. ಭೂತಗನ್ನಡಿ ಹಿಡಿದು ಮೊದಲು ಅಂಚು ತಿರುಗಿಸಿ. ಸುತ್ತಲೂ ತೆಳ್ಳನೆ ಗೆರೆ, ಅಥವಾ ಆ ಗೆರೆಯನ್ನು ಅರದಿಂದ ತೀಡಿದ ಗುರುತು ಇದ್ದರೆ ಎರಡು ಅಚ್ಚು ಸೇರಿಸಿ ಎರಕ ಹೊಯ್ದದ್ದು. ಆಮೇಲೆ ಅಕ್ಷರಗಳ ಬುಡ ನೋಡಿ. ಒತ್ತಿದ ಅಕ್ಷರ ನೆಲದಿಂದ ನೆಟ್ಟಗೆ ಏಳುತ್ತದೆ, ಎರಕದ್ದರಲ್ಲಿ ಬುಡ ಕರಗಿದಂತೆ ದುಂಡಗೆ. ಬಯಲು ಜಾಗದಲ್ಲಿ ಸೂಜಿಮೊನೆಯ ಗುಂಡಿಗಳಿದ್ದರೆ ಅದೂ ಎರಕದ ಲಕ್ಷಣ. 1835ರ ಬೆಳ್ಳಿ ರೂಪಾಯಿಯ ಅಂಚಿನಲ್ಲಿ ಸಮ ಅಂತರದ ಸಣ್ಣ ಗೀರುಗಳಿರಬೇಕು, ಕಂಪನಿ ತಾಮ್ರದ ಅಂಚು ನುಣುಪು.

ಸವೆತಕ್ಕೂ ಒಂದು ಕ್ರಮವಿದೆ. ಕೆನ್ನೆ, ಕೂದಲು, ಕಿರೀಟದ ಉಬ್ಬು ಮೊದಲು ಸವೆಯುತ್ತವೆ, ತಗ್ಗಿನಲ್ಲಿ ಕೊಳೆ ನಿಲ್ಲುತ್ತದೆ. ಉಬ್ಬು ತಗ್ಗು ಎಲ್ಲ ಒಂದೇ ಸಮ ಮಸುಕಾಗಿದ್ದರೆ ಅದು ಸವೆದದ್ದಲ್ಲ, ಸವೆದ ನಾಣ್ಯದಿಂದ ಅಚ್ಚು ತೆಗೆದದ್ದು.

ಹಸಿರು ಬಣ್ಣಕ್ಕೆ ಹತ್ತಿಯಲ್ಲಿ ನೇಲ್ ಪಾಲಿಷ್ ರಿಮೂವರ್ ಹಚ್ಚಿ ಉಜ್ಜಿ. ಬಳಿದ ಬಣ್ಣ ಹತ್ತಿಗೆ ಬರುತ್ತದೆ, ತಾಮ್ರದ ಸ್ವಂತ ಕಿಲುಬು ಬರುವುದಿಲ್ಲ. ಕರಾವಳಿಯವರಿಗೆ ಒಂದು ಸೂಚನೆ: ಕಡಲಗಾಳಿಯ ಉಪ್ಪು, ಮಳೆಗಾಲದ ತೇವ ಸೇರಿದರೆ ತಾಮ್ರದಲ್ಲಿ ತಿಳಿಹಸಿರು ಪುಡಿ ಏಳುತ್ತದೆ. ಇದು ಅಸಲಿಗೂ ಬರುತ್ತದೆ, ಹೊಸ ನಕಲಿಗೂ ಒಂದೆರಡು ಮಳೆಗಾಲದಲ್ಲಿ ಬರುತ್ತದೆ. ಆದ್ದರಿಂದ ಹಸಿರು ಕಂಡಿತೆಂದು ನೂರಾರು ವರ್ಷ ಹಳೆಯದು ಎಂದುಕೊಳ್ಳಬೇಡಿ. ಹುಣಸೆಹುಳಿ, ಮುರುಗಲು ಹಚ್ಚಿ ದೇವರ ಪಾತ್ರೆಯಂತೆ ಬೆಳಗಲೂ ಬೇಡಿ. ಅಸಲಿಯಾಗಿದ್ದರೆ ಆ ಹೊಳಪಿನಲ್ಲೇ ಅದರ ಬೆಲೆ ಹೋಗುತ್ತದೆ.

ಚಮತ್ಕಾರಗಳ ಒಳಗುಟ್ಟು

*ಅಕ್ಕಿ ಎಳೆಯುವುದು.* ಕಾಳಿಗೆ ಕಬ್ಬಿಣದ ಸಣ್ಣ ಪುಡಿಯನ್ನು ಅಂಟಿನಲ್ಲಿ ಕಲಸಿ ಲೇಪಿಸಿರುತ್ತಾರೆ, ನಾಣ್ಯದೊಳಗೋ ಮೇಜಿನ ಅಡಿಗೋ ಕಾಂತ ಇರುತ್ತದೆ. ನಿಮ್ಮ ಮನೆಯ ಅಕ್ಕಿಯನ್ನು, ನಿಮ್ಮ ಮನೆಯ ಮಣೆಯ ಮೇಲೆ ಇಟ್ಟು ತೋರಿಸಲು ಹೇಳಿ. ಅಷ್ಟಕ್ಕೇ ‘ಇವತ್ತು ತಿಥಿ ಸರಿ ಇಲ್ಲ’ ಎಂದಾಗುತ್ತದೆ. ಅವನ ಕಾಳು ಒಂದೆರಡು ಸಿಕ್ಕರೆ ಕಾಂತ ಹಿಡಿದು ನೋಡಿ, ಆಮೇಲೆ ಒದ್ದೆ ಬಿಳಿ ಕಾಗದದ ಮೇಲೆ ರಾತ್ರಿ ಬಿಡಿ. ಬೆಳಿಗ್ಗೆ ತುಕ್ಕಿನ ಕಲೆ ಮೂಡಿರುತ್ತದೆ. ಬೆಳ್ಳಿಗಾಗಲಿ ತಾಮ್ರಕ್ಕಾಗಲಿ ಕಾಂತ ಹಿಡಿಯುವುದಿಲ್ಲ. ಹಿಡಿದರೆ ಒಳಗೆ ಕಬ್ಬಿಣ ಇದೆ. ಇಂದಿನ ಸ್ಟೀಲಿನ ಒಂದು ರೂಪಾಯಿಗೂ ಕಾಂತ ಹಿಡಿಯುತ್ತದೆ, ಅದಕ್ಕೆ ಯಾರೂ ಕೋಟಿ ಕೊಡುತ್ತಿಲ್ಲ.

*ಬಟ್ಟೆ ಸುಡದಿರುವುದು.* ನಾಣ್ಯಕ್ಕೆ ಕರವಸ್ತ್ರ ಸುತ್ತಿ ಉರಿಯುವ ಅಗರಬತ್ತಿಯ ತುದಿ ಒತ್ತುತ್ತಾರೆ, ಬಟ್ಟೆ ಸುಡುವುದಿಲ್ಲ. ನೀವೇ ಮಾಡಿ ನೋಡಿ. ಹತ್ತು ರೂಪಾಯಿ ನಾಣ್ಯದ ಮೇಲೆ ಹತ್ತಿ ಕರವಸ್ತ್ರವನ್ನು ನೆರಿಗೆ ಇಲ್ಲದಂತೆ ಬಿಗಿಯಾಗಿ ಎಳೆದು ಹಿಂದೆ ತಿರುಚಿ ಹಿಡಿಯಿರಿ. ಕೆಂಡದ ತುದಿಯನ್ನು ನಾಣ್ಯದ ನಡುಭಾಗಕ್ಕೆ ಎರಡು ಸೆಕೆಂಡು ಒತ್ತಿ ತೆಗೆಯಿರಿ. ಬೂದಿ ಕೊಡವಿದರೆ ಬಟ್ಟೆ ಹಾಗೇ ಇರುತ್ತದೆ, ಏಕೆಂದರೆ ಲೋಹ ಶಾಖವನ್ನು ಎಳೆದುಕೊಂಡು ಹರಡಿಬಿಡುತ್ತದೆ, ನೂಲು ಸುಡುವಷ್ಟು ಬಿಸಿಯಾಗುವುದೇ ಇಲ್ಲ. ಬಟ್ಟೆ ಸಡಿಲವಿದ್ದರೆ, ತುದಿ ನಾಣ್ಯದ ಹೊರಗೆ ಬಿದ್ದರೆ ತೂತು ಖಂಡಿತ. ಹಳೇ ಕರವಸ್ತ್ರವೇ ಇರಲಿ, ಪಕ್ಕದಲ್ಲಿ ನೀರಿರಲಿ.

*ಗಡಿಯಾರ ನಿಲ್ಲುವುದು, ಟಾರ್ಚ್ ಆರುವುದು.* ಬಲವಾದ ಕಾಂತ ತಂದರೆ ಕ್ವಾರ್ಟ್ಜ್ ಗಡಿಯಾರದ ಮೋಟಾರು ತಡೆಯುತ್ತದೆ. ಕಾಂತಕ್ಕೆ ಸ್ಪಂದಿಸುವ ಸ್ವಿಚ್ಚನ್ನು ಟಾರ್ಚಿನೊಳಗೆ ಇಡುವುದೂ ಕಷ್ಟವಲ್ಲ. ನಿಮ್ಮ ಟಾರ್ಚು ಕೊಡಿ.

*ತಾನಾಗಿ ಹೊತ್ತುವ ಹೋಮ.* ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ‘ತುಪ್ಪ’ದ ಹೆಸರಿನಲ್ಲಿ ಗ್ಲಿಸರಿನ್. ಬಹಳ ಹಳೆಯ ಆಟ.

ಇಷ್ಟಕ್ಕೂ ನಂಬದವರಿಗೆ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ), ಬಾರ್ಕ್ (ಅಣು ಸಂಶೋಧನಾ ಕೇಂದ್ರ) ಹೆಸರಿನ ನಕಲಿ ಪ್ರಮಾಣಪತ್ರ ಬರುತ್ತದೆ. ಪರೀಕ್ಷೆಗೆ ವಿಜ್ಞಾನಿ ಬರಬೇಕು, ವಿಕಿರಣ ತಡೆಯುವ ಉಡುಪು ಬೇಕು, ಅದರ ಖರ್ಚು ನಿಮ್ಮದು. ದುಡ್ಡು ಹೋಗುವುದು ನಾಣ್ಯಕ್ಕಿಂತ ಹೆಚ್ಚಾಗಿ ಈ ಖರ್ಚಿಗೇ.

ಅವರೇ ಕೊಳ್ಳಲು ಬಂದರೆ

ಇದು ತಿರುವುಮುರುವಾದ ಮೋಸ, ಈಗ ಇದೇ ಹೆಚ್ಚು. ‘ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಇದೆಯಾ ಅಣ್ಣ? ಹತ್ತು ಲಕ್ಷ ಕೊಡ್ತೇವೆ.’ ಆ ನಾಣ್ಯ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆ ಹೊರಟದ್ದು, ಚಲಾವಣೆಯದ್ದು, ವಿರಳವೇನಲ್ಲ. ನೀವು ಫೋಟೊ ಕಳಿಸಿದ ಕೂಡಲೇ ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಪತ್ರ. ಹಳೇ ನಾಣ್ಯ, ನೋಟುಗಳ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ಯಾರಿಗೂ ಅಂಥ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡು.

ಕೊಂಡೇ ತೀರುವುದಾದರೆ, ಮತ್ತು ದುಡ್ಡು ಹೋದರೆ

ಜಾಲತಾಣದ ಹೊರಗೆ ಹಣ ಕಳಿಸಬೇಡಿ. ಪೊಟ್ಟಣದ ಮೇಲಿನ ವಿಳಾಸ ಕಾಣುವಲ್ಲಿಂದ ನಾಣ್ಯ ತೂಕಕ್ಕಿಡುವವರೆಗೆ ನಡುವೆ ಕತ್ತರಿಸದ ಒಂದೇ ವಿಡಿಯೊ ಮಾಡಿ. ಬೆಳ್ಳಿ, ಚಿನ್ನ ಎಂದಿದ್ದರೆ ಪರಿಚಯದ ಅಕ್ಕಸಾಲಿಗರಿಗೆ ತೋರಿಸಿ, ಆದರೆ ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಯಂತ್ರ ಗೀರು ಮಾಡದೆ ಲೋಹ ಹೇಳುತ್ತದೆ. ಅದು ಹೇಳುವುದು ಮೇಲ್ಪದರದ ಲೋಹ ಮಾತ್ರ, ದಪ್ಪ ಲೇಪವಿದ್ದರೆ ನೀರಿನ ಪರೀಕ್ಷೆಯೇ ಗತಿ.

ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಸಬಹುದು, ಒಂದೊಂದು ಗಂಟೆ ತಡವಾದಂತೆ ಆ ಅವಕಾಶ ಕಡಿಮೆ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿ, ಕಾರವಾರದ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಗೋ ಹತ್ತಿರದ ಠಾಣೆಗೋ ಹೋಗಿ. ಚಾಟ್ ಅಳಿಸಬೇಡಿ, ಅವನನ್ನು ಬೈದು ಎಚ್ಚರಿಸಲೂ ಬೇಡಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಯುಪಿಐ ವಹಿವಾಟಿನ ಸಂಖ್ಯೆ, ಫೋನ್ ನಂಬರು, ಕೊರಿಯರ್ ಚೀಟಿ ಮತ್ತು ನಾಣ್ಯ ಜತೆಗಿರಲಿ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 318(4) ಅನ್ವಯಿಸುತ್ತದೆ, ಏಳು ವರ್ಷದವರೆಗೆ ಸಜೆ. ‘ಈ ನಾಣ್ಯ ಕಟ್ಟಿಕೊಂಡರೆ ಸಕ್ಕರೆ ಕಾಯಿಲೆ ವಾಸಿ’ ಎಂಬಂಥ ಜಾಹೀರಾತಿದ್ದರೆ ಅದನ್ನು ದೂರಿನಲ್ಲಿ ಬೇರೆಯಾಗಿಯೇ ಬರೆಯಿರಿ. ತಾಯತ, ಕವಚಗಳಿಂದ ರೋಗ ಗುಣವಾಗುತ್ತದೆಂದು ಪ್ರಚಾರ ಮಾಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯಡಿ ತಾನೇ ಒಂದು ಅಪರಾಧ.